ಚೀಲದೊಳಗಿನ ಮುಖ

ಹಿರಿಸೊಸೆ ಚುನಾವಣೆಯಲ್ಲಿ ಸೋತದ್ದು ಹೊರಗಿನವರ ಎದುರಲ್ಲ, ಸ್ವಂತ ಓರಗಿತ್ತಿಯ ಎದುರು. ಹೊಲಿಗೆ ಅಂಗಡಿ ಇಟ್ಟ ಹಿರಿಯಳಿಗೆ ವಾರ್ಡಿನ ಅರ್ಧ ಹೆಂಗಸರ ಮೈಯಳತೆ ಬಾಯಿಪಾಠ. ಟೈಲರ್ ಅಕ್ಕ ನಿಂತರೆ ಗೆದ್ದಂತೆಯೇ ಎಂದು ಹುರಿದುಂಬಿಸಿದವರೂ ಅವರೇ. ಅಷ್ಟರಲ್ಲಿ ಮಹಡಿ ಮೇಲಿನ ಕಿರಿಸೊಸೆ ತಾನೂ ಅರ್ಜಿ ಹಾಕಿದಳು, ಬೀದಿ ಬೀದಿ ನಗುತ್ತ ತಿರುಗಿದಳು, ಗೆದ್ದಳು. ನಗುವುದೊಂದು ಬಿಟ್ಟರೆ ಅವಳಿಗೆ ಬೇರೆ ಏನು ಬರುತ್ತದೆ?

ಪ್ರಚಾರದ ಪಟಗಳನ್ನೆಲ್ಲ ಇಳಿಸಬೇಕೆಂದು ಚುನಾವಣಾ ಕಚೇರಿಯಿಂದ ಆದೇಶ ಬಂತು. ಹಿರಿಸೊಸೆ ಏಣಿ ಹೊತ್ತು ಹೊರಟಳು. ತನ್ನ ಮುಖವನ್ನು ಅಂಗಡಿಯಲ್ಲಿ ಮಿಕ್ಕಿದ್ದ ಬಟ್ಟೆಯ ಮೇಲೆ ಮುದ್ರಿಸಿ ಕಟ್ಟಿಸಿದ್ದಳು. ಕಟ್ಟಿದಲ್ಲೇ ಎಲ್ಲವೂ ಇದ್ದವು. ಕಿರಿಯಳ ಫ್ಲೆಕ್ಸ್‌ಗಳೋ, ಆಗಲೇ ಮಾಯ. ಒಂದು ಯಾರದೋ ಸ್ಕೂಟರಿಗೆ ಹೊದಿಕೆಯಾಗಿತ್ತು, ಇನ್ನೊಂದು ಸೋರುವ ಬಚ್ಚಲಿಗೆ ಸೂರಾಗಿತ್ತು. ಕದಿಯುವುದಕ್ಕೂ ಜನಕ್ಕೆ ಅವಳೇ ಬೇಕಾಯಿತಲ್ಲ ಎಂದು ಹಿರಿಸೊಸೆಯ ಹೊಟ್ಟೆ ಉರಿದುಹೋಯಿತು.

ಉರಿಯುವ ಬೆಂಕಿಗೆ ತುಪ್ಪ ಸುರಿದಂತೆ, ಹೆಂಗಸರು ಆ ಫ್ಲೆಕ್ಸ್‌ಗಳನ್ನು ಹಿಡಿದು ಅವಳ ಅಂಗಡಿಗೇ ಬಂದರು.

"ಅಕ್ಕ, ಇದ್ರಲ್ಲಿ ತರಕಾರಿ ಚೀಲ ಹೊಲ್ದುಕೊಡಿ. ಗಟ್ಟಿಯಾಗಿದೆ."

ಒಲ್ಲೆ ಎಂದರೆ, ಸೋತು ಮುಖ ಊದಿಸಿಕೊಂಡಿದ್ದಾಳೆ ಎನ್ನುತ್ತಾರೆ. ಹೊಲಿದಳು. ಆದರೆ ಮುಖವಿರುವ ಮಗ್ಗುಲನ್ನು ಒಳಗೆ ತಿರುಗಿಸಿ, ಹೊರಗೆ ಬರೀ ಬಿಳಿ ಕಾಣುವಂತೆ ಹೊಲಿದಳು. ಇನ್ನು ಬೀದಿಯಲ್ಲಿ ಆ ನಗು ನೋಡುವುದು ತಪ್ಪಿತು ಎಂದು ಅಂದು ಎರಡು ತುತ್ತು ಹೆಚ್ಚಿಗೇ ಉಂಡಳು.

ಆ ಸುಖ ಬಾಳಲಿಲ್ಲ. ಮಾರುಕಟ್ಟೆಯಿಂದ ಬಂದ ಅತ್ತೆ ಅಂಥದೇ ಚೀಲವನ್ನು ಅಡುಗೆಮನೆಯಲ್ಲಿ ಬಿಚ್ಚಿದರು. ಈರುಳ್ಳಿಗಳ ನಡುವಿನಿಂದ ಕಿರಿಯಳು ಹಲ್ಲು ಬಿಟ್ಟು ನಕ್ಕಳು.

"ನೋಡೇ, ಚಿಕ್ಕೋಳು ಹೇಗೆ ನಗ್ತಿದಾಳೆ," ಎಂದರು ಅತ್ತೆ. "ಬೀದೀಲಿ ನೇತಾಡ್ತಿದ್ದೋಳನ್ನ ಎಲ್ಲರ ಮನೆಯೊಳಗೂ ಕಳಿಸಿದೀಯ. ದೊಡ್ಡ ಮನಸ್ಸು ನಿಂದು."

ದೊಡ್ಡ ಮನಸ್ಸಿನವಳಿಗೆ ರಾತ್ರಿ ನಿದ್ದೆ ಹತ್ತಲಿಲ್ಲ. ಬೆಳಗಾಗುತ್ತಲೇ ಕಂಡಕಂಡವರಿಗೆ ಹೇಳಿದಳು: "ಚೀಲ ತನ್ನಿ, ಒಳಗೆ ಲೈನಿಂಗ್ ಹಾಕ್ಕೊಡ್ತೀನಿ. ಬಿಟ್ಟಿ."

ಲೈನಿಂಗಿಗೆ ಬಟ್ಟೆ ಎಲ್ಲಿಂದ ಬರಬೇಕು? ಇಳಿಸಿ ತಂದ ತನ್ನ ಪಟಗಳನ್ನೇ ಕತ್ತರಿಸಿದಳು. ತನ್ನ ಮುಖ ಕಿರಿಯಳ ಮುಖದ ಮೇಲೆ ಸರಿಯಾಗಿ ಕೂರುವಂತೆ ಇಟ್ಟು ಸೂಜಿ ಓಡಿಸಿದಳು. ಈಗ ಯಾರು ಚೀಲದ ಬಾಯಿ ತೆರೆದರೂ ಕಾಣುವುದು ಹಿರಿಸೊಸೆ, ಫೋಟೋದವನು ಎಷ್ಟು ಹೇಳಿದರೂ ನಗದೆ ತುಟಿ ಬಿಗಿದವಳು.

ಒಂದು ಸಂಜೆ ಕಿರಿಸೊಸೆಯೇ ಮೆಟ್ಟಿಲಿಳಿದು ಬಂದಳು. ಅತ್ತೆಯ ಚೀಲದ ಹಿಡಿ ಕಿತ್ತಿತ್ತು. ಅದನ್ನು ಮಿಷಿನ್ ಪಕ್ಕ ಇಟ್ಟು, ಒಳಗಿನ ಬಟ್ಟೆಯ ಅಂಚನ್ನು ಮೆಲ್ಲಗೆ ಎತ್ತಿ ನೋಡಿದಳು.

"ಅಕ್ಕ, ಇದರ ಹಿಂದೆ ನಾನಿದೀನಾ?"

ಹಿರಿಸೊಸೆ ಜಗಳಕ್ಕೆ ಸೊಂಟ ಕಟ್ಟಿಯೇ ಕೂತಳು. "ಇದೀಯ."

"ಸರಿ ಬಿಡಿ, ಮುಂದೆ ನೀವೇ ಇರಿ. ಈ ವಾರ್ಡಲ್ಲಿ ಯಾರ ಮನೆ ಎಲ್ಲಿದೆ ಅಂತಾನೂ ನಂಗೆ ಗೊತ್ತಿಲ್ಲ, ನೀವೇ ಹೇಳ್ಕೊಡ್ಬೇಕು. ಭಾರ ಹೊರೋಕೆ ನಾನಿದೀನಿ."

ಅದನ್ನೂ ನಗುತ್ತಲೇ ಹೇಳಿದಳು. ಹಿರಿಸೊಸೆ ಚೀಲವನ್ನು ತನ್ನತ್ತ ಎಳೆದುಕೊಂಡಳು. ಇಷ್ಟು ಸಲೀಸಾಗಿ ಬಿಟ್ಟುಕೊಡುವುದು ತನಗೆ ಈ ಜನ್ಮದಲ್ಲಿ ಬರಲಿಲ್ಲವಲ್ಲ ಎಂದು, ಅವಳ ಗೆಲುವಿಗೂ ಪಡದಷ್ಟು ಹೊಟ್ಟೆಕಿಚ್ಚು ಈಗ ಪಟ್ಟಳು. ಆಮೇಲೆ ಹಿಡಿಯನ್ನು ಫ್ಲೆಕ್ಸಿಗೆ ಒತ್ತಿ ಹಿಡಿದು, ಒಂದಕ್ಕೆ ಎರಡು ಹೊಲಿಗೆ ಹಾಕಿದಳು.