ನಾಲ್ಕು ಜನರ ಯಂತ್ರ

ಅಂಗಡಿಯಲ್ಲಿ ಸಾಲಾಗಿ ನಿಲ್ಲಿಸಿದ್ದ ಪಾತ್ರೆ ತೊಳೆಯುವ ಯಂತ್ರಗಳ ಬಾಗಿಲನ್ನು ಅಣ್ಣ ಒಂದೊಂದಾಗಿ ತೆರೆದು, ಎತ್ತಿನ ಹಲ್ಲು ಎಣಿಸುವವನ ಹಾಗೆ ಒಳಗೆ ಬಗ್ಗಿ ನೋಡುತ್ತಿದ್ದ. ಮಾರಾಟದವನು ಕೇಳಿದ, "ಮನೇಲಿ ಎಷ್ಟು ಜನ ಸಾರ್?"

"ನಾಲ್ಕು," ಎಂದ ಅಣ್ಣ.

ನಾನು ಹಿಂದೆ ನಿಂತಿದ್ದೆ. ಅಮ್ಮ, ಅಣ್ಣ, ಅತ್ತಿಗೆ, ಅತ್ತೆ, ನಾನು. ಮನಸ್ಸಿನಲ್ಲೇ ಇನ್ನೊಮ್ಮೆ ಎಣಿಸಿದೆ. ಐದು. ಬಾಯಿತಪ್ಪಿ ಅಂದನೇನೋ ಎಂದುಕೊಳ್ಳುವಷ್ಟರಲ್ಲಿ ಮಾರಾಟದವನು, "ಹಾಗಾದ್ರೆ ದೊಡ್ಡದು ದಂಡ ಸಾರ್. ಈ ಚಿಕ್ಕದು ಸಾಕು. ಕಣ್ಣು ಮುಚ್ಕೊಂಡು ಹತ್ತು ವರ್ಷ ಬಾಳಿಕೆ ಬರುತ್ತೆ," ಎಂದ.

"ಅದನ್ನೇ ಕೊಡಿ. ಮುಂದಕ್ಕೂ ನಾವು ನಾಲ್ಕೇ ಜನ."

ಬಾಯಿತಪ್ಪಿದ ಮಾತು ಹಾಗಿರುವುದಿಲ್ಲ.

"ಅಣ್ಣಾ, ನಾವು ಐದು ಜನ ಅಲ್ವಾ?" ಅಷ್ಟು ಕೇಳಿದ್ದರೆ ಸಾಕಿತ್ತು. ಆದರೆ ನನ್ನ ಮಾತುಗಳು ಗಂಟಲಿನವರೆಗೆ ಬಂದು ಅಲ್ಲೇ ಚಾಪೆ ಹಾಸಿ ಮಲಗಿಬಿಡುತ್ತವೆ. ಅಣ್ಣ ನನ್ನನ್ನು ಗುಬ್ಬಿ ಎಂದು ಕರೆಯುತ್ತಾನೆ. ಗುಬ್ಬಿಯಾದರೂ ಚಿಂವ್ ಅನ್ನುತ್ತದೆ.

ಬಿಟ್ಟುಹೋದ ಐದನೆಯವಳು ಯಾರೆಂದು ದಾರಿಯುದ್ದಕ್ಕೂ ಯೋಚಿಸಿದೆ. ಯೋಚಿಸಲು ಹೆಚ್ಚೇನೂ ಇರಲಿಲ್ಲ. ಅತ್ತೆ ಅಪ್ಪನ ಅಕ್ಕ. ಮದುವೆಯಾಗಲಿಲ್ಲ, ತಮ್ಮನ ಮನೆಯಲ್ಲೇ ಉಳಿದಳು. ಅಪ್ಪ ತೀರಿಕೊಂಡ ಮೇಲೂ ಉಳಿದಳು. ಒಲೆ ಅಮ್ಮನದು, ಸಿಂಕ್ ಅತ್ತೆಯದು. ಯಾರೂ ಕೂತು ಮಾಡಿದ ಪಾಲಲ್ಲ, ತಾನಾಗಿ ಆದದ್ದು. ಊಟವಾದ ಮೇಲೆ ಸಿಂಕಿನ ಹತ್ತಿರ ಬೇರೆ ಯಾರಾದರೂ ಸುಳಿದರೆ, "ನನ್ನ ಹೊಟ್ಟೆ ಮೇಲೆ ಯಾಕೆ ಹೊಡೀತೀರ?" ಎಂದು ನಗುತ್ತಲೇ ಮೊಣಕೈಯಿಂದ ಆಚೆ ತಳ್ಳುತ್ತಿದ್ದಳು.

ಯಂತ್ರ ಮನೆಗೆ ಬಂದಾಗ ಆಕೆ ನಗಲಿಲ್ಲ. "ಏನಪ್ಪಾ, ಈ ವಯಸ್ಸಲ್ಲಿ ನನಗೊಬ್ಬಳು ಕಬ್ಬಿಣದ ಸವತಿನ ತಂದ್ಯಾ?"

"ನಿನಗೆ ರೆಸ್ಟ್ ಸಿಗಲಿ ಅಂತ ಅತ್ತೆ," ಎಂದ ಅಣ್ಣ.

"ನಾನೇನು ರೆಸ್ಟ್ ಕೊಡಿ ಅಂತ ಅರ್ಜಿ ಹಾಕಿದ್ನಾ?"

ಜೋಡಿಸಲು ಬಂದವನು ನಮ್ಮ ನೀರು ಗಡಸು, ಅದಕ್ಕೆ ಯಂತ್ರಕ್ಕೆ ಆಗಾಗ ಉಪ್ಪು ಹಾಕುತ್ತಿರಬೇಕು ಎಂದು ತಳದಲ್ಲಿದ್ದ ದುಂಡನೆಯ ಮುಚ್ಚಳ ತಿರುಗಿಸಿ ತೋರಿಸಿದ. "ಉಪ್ಪು ತಿಂದ ಮೇಲೆ ನೀರು ಕುಡೀಲೇಬೇಕಲ್ಲ, ಪಾಪ," ಎಂದು ಅತ್ತೆ ಮುಖ ತಿರುಗಿಸಿಕೊಂಡು ಹೊರಗೆ ಹೋದಳು. ಹಾಗಾಗಿ ಅವನು ಆಮೇಲೆ ಹೇಳಿದ್ದು ಆಕೆಯ ಕಿವಿಗೆ ಬೀಳಲಿಲ್ಲ: ಇದಕ್ಕೆಂದೇ ದಪ್ಪ ಹರಳಿನ ಉಪ್ಪು ಸಿಗುತ್ತದೆ, ಅಡುಗೆ ಉಪ್ಪು ಬೇಡವೇ ಬೇಡ, ಮುಚ್ಚಳ ಬಿಗಿಯಾಗಿರಬೇಕು, ಅಡಿಯ ಜಾಲರಿಯನ್ನು ವಾರಕ್ಕೊಮ್ಮೆ ಕೈಯಲ್ಲಿ ತೊಳೆಯಬೇಕು.

ಜಾಲರಿ ತೊಳೆಯುವವರು ಯಾರು? ಅತ್ತಿಗೆಗೆ ಅದರ ಜಿಡ್ಡು ಕಂಡರೆ ವಾಕರಿಕೆ, ಅಣ್ಣನಿಗೆ ಮರೆವು. ಕೊನೆಗೆ ಹಳೆಯ ಹಲ್ಲುಜ್ಜುವ ಬ್ರಶ್ ಹಿಡಿದು ಅತ್ತೆಯೇ ಕೂತಳು. "ಪಾತ್ರೆ ತೊಳೆಯೋಕೆ ಯಂತ್ರ, ಯಂತ್ರ ತೊಳೆಯೋಕೆ ನಾನು. ಒಳ್ಳೆ ನ್ಯಾಯ!"

ನನಗೆ ಸ್ವಲ್ಪ ಸಮಾಧಾನವಾಯಿತು. ಅದು ಬಹಳ ದಿನ ಉಳಿಯಲಿಲ್ಲ. ನಾನೂ ಅತ್ತೆಯೂ ಮಲಗುತ್ತಿದ್ದದ್ದು ಒಂದೇ ಕೋಣೆಯಲ್ಲಿ. ಒಂದು ಬೆಳಿಗ್ಗೆ ನಾನು ಅಲ್ಲಿಗೆ ಹೋದರೆ, ಅಣ್ಣ ಟೇಪು ಹಿಡಿದು ಗೋಡೆ ಅಳೆಯುತ್ತಿದ್ದ. ನನ್ನನ್ನು ಕಂಡದ್ದೇ ತಡ, ಟೇಪು ಸರ್ರನೆ ಸುರುಳಿಯೊಳಗೆ ಓಡಿತು.

"ಬೀರು ಇಡೋಣ ಅಂತ," ಎಂದ, ನಾನು ಕೇಳದೆಯೇ.

ಅತ್ತೆಯ ಕಣ್ಣಿಗೂ ಅದು ಬಿದ್ದಿತ್ತು. ಬಟ್ಟೆ ಮಡಚುತ್ತಾ ನನ್ನ ಪಕ್ಕ ಸರಿದಳು. "ಪುಟ್ಟೀ, ನನ್ನ ಮಂಚ ಅಳೆದ್ನಾ?"

"ಇಲ್ಲ ಅತ್ತೆ, ಗೋಡೆ."

"ಮಂಚ ಏನು ಗಾಳೀಲಿ ನಿಂತಿದ್ಯಾ? ಗೋಡೆಗೇ ಅಲ್ವಾ ಆತ್ಕೊಂಡಿರೋದು?" ಆಮೇಲೆ ಮೆಲ್ಲಗೆ, "ನನ್ನ ಎಲ್ಲಾದ್ರೂ ಕಳಿಸೋ ಮಾತು ಕಿವಿಗೆ ಬಿತ್ತೇನೇ?"

ಇಲ್ಲ ಎಂದು ತಲೆಯಾಡಿಸಿದೆ. ನಾಲ್ಕು ಎಂಬ ಮಾತು ಬೆಂದ ಆಲೂಗಡ್ಡೆಯ ಹಾಗೆ ಬಾಯಲ್ಲಿ ಸುಡುತ್ತಿತ್ತು.

ಅಂದಿನಿಂದ ಅತ್ತೆ ಯಾರಿಗೂ ಬೆರಳು ತೋರಿಸಲು ಆಸ್ಪದ ಕೊಡಲಿಲ್ಲ. ಯಂತ್ರದ ಬಾಗಿಲ ಅಂಚನ್ನೂ ಒರೆಸಿದಳು. ಅತ್ತಿಗೆ ಕೈ ಒರೆಸಲು ಬಟ್ಟೆ ಹುಡುಕಿದರೆ ಅದು ಆಗಲೇ ಅತ್ತೆಯ ಕೈಯಲ್ಲಿರುತ್ತಿತ್ತು. "ಇಷ್ಟೊಂದು ಒಳ್ಳೇತನ ಯಾಕೋ ಸರಿ ಕಾಣಲ್ಲ," ಎಂದು ಅತ್ತಿಗೆ ಅಮ್ಮನ ಕಿವಿಯಲ್ಲಿ ಅಂದದ್ದನ್ನು ಕೇಳಿಸಿಕೊಂಡೆ. ಮನೆಯಲ್ಲಿ ಎಲ್ಲರೂ ಎಲ್ಲರನ್ನೂ ಓರೆಗಣ್ಣಲ್ಲಿ ನೋಡುತ್ತಿದ್ದರು. ನಡುವೆ ಯಂತ್ರ ಮಾತ್ರ ತನ್ನ ಪಾಡಿಗೆ ಗುರ್ ಎನ್ನುತ್ತಿತ್ತು.

ಸಿಡಿದದ್ದು ಒಂದು ಮಧ್ಯಾಹ್ನ, ಊಟಕ್ಕೆ ಕೂತಾಗ. ಅತ್ತಿಗೆ ಒಂದು ಗುಟುಕು ನೀರು ಕುಡಿದವಳು ಅದನ್ನು ಅಣ್ಣನ ತೋಳಿನ ಮೇಲೇ ಫೂ ಎಂದು ಉಗಿದಳು.

"ಥೂ! ನೀರಿಗೂ ಉಪ್ಪು ಹಾಕಿದ್ದೀರಾ?"

ನನ್ನ ಲೋಟವನ್ನು ಬೆಳಕಿಗೆ ಹಿಡಿದೆ. ಒಳಗೆಲ್ಲ ಬಿಳಿಯ ಪೊರೆ. ಅಣ್ಣ ಎದ್ದು ಯಂತ್ರ ತೆರೆದ. ತಳದಲ್ಲಿ ಮುಚ್ಚಳ ಓರೆಯಾಗಿ ಕೂತಿತ್ತು. ಸುತ್ತ ಅಡುಗೆಮನೆಯ ಪುಡಿ ಉಪ್ಪು ಗಂಟುಗಟ್ಟಿ ಅಂಟಿಕೊಂಡಿತ್ತು.

"ದೀಪ ಹತ್ಕೊಂಡಿತ್ತು ಕಣೋ," ಎಂದಳು ಅತ್ತೆ. "ಉಪ್ಪು ಮುಗಿದ್ರೆ ಹತ್ತೋ ದೀಪ. ಡಬ್ಬಿಯಿಂದ ತೆಗೆದು ಹಾಕಿದೆ. ಉಪ್ಪು ಅಂದ್ರೆ ಉಪ್ಪೇ ಅಲ್ವಾ?"

"ಅಡುಗೆ ಉಪ್ಪು ಹಾಕಬೇಡಿ ಅಂತ ಅವನು ಬಡ್ಕೊಂಡ. ಮುಚ್ಚಳಾನೂ ಸರಿಯಾಗಿ ತಿರುಗಿಸಿಲ್ಲ!"

"ನನ್ನ ಕೈಯಲ್ಲಿ ಮೊದಲಿನ ಬಿಗಿ ಎಲ್ಲಿದೆ?"

ಅತ್ತಿಗೆ ಬಾಯಿ ಒರೆಸಿಕೊಂಡಳು. "ದೊಡ್ಡತ್ತೆಗೆ ಮೊದಲಿಂದಲೂ ಇದನ್ನ ಕಂಡ್ರೆ ಆಗಲ್ಲ. ಕೆಡಲಿ ಅಂತಲೇ ಮಾಡಿದ್ದಾರೆ."

"ನನ್ನ ಓಡಿಸೋಕೆ ಈ ಕುಂಟು ನೆಪ ಯಾಕಮ್ಮ? ಹೋಗು ಅಂತ ನೇರವಾಗಿ ಹೇಳಿ."

"ಓಡಿಸೋ ಮಾತು ಯಾರು ಎತ್ತಿದ್ರು? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಯ್ತು!"

ಅತ್ತೆಯ ಕೈ ಮೇಜಿನ ಅಂಚು ಹಿಡಿದುಕೊಂಡಿತು. ಅದನ್ನು ನೋಡಿದ್ದೇ ನನ್ನ ಗಂಟಲಿನ ಚಾಪೆಯ ಮೇಲೆ ಮಲಗಿದ್ದೆಲ್ಲ ಒಟ್ಟಿಗೆ ಎದ್ದು ನಿಂತಿತು.

"ಅಣ್ಣಾ, ನೀನು ಅಂಗಡೀಲಿ ನಾಲ್ಕು ಜನ ಅಂದೆ. ಮುಂದಕ್ಕೂ ನಾಲ್ಕೇ ಅಂದೆ. ಕೋಣೆ ಅಳೆದೆ. ಅತ್ತೇನ ಎಲ್ಲಿಗೆ ಕಳಿಸ್ತಿದ್ದೀಯ?"

ಎಲ್ಲರೂ ನನ್ನತ್ತ ತಿರುಗಿದರು. ಅಣ್ಣ ಮೊದಲು ಬೆಚ್ಚಿದ, ಆಮೇಲೆ ಹಗುರಾಗಿ ನಕ್ಕುಬಿಟ್ಟ.

"ಅಯ್ಯೋ ಗುಬ್ಬೀ! ಅತ್ತೇನ ಯಾರು ಬಿಟ್ರು? ಅತ್ತೆ ಇಲ್ದೆ ಈ ಮನೆ ಒಂದು ದಿನ ನಡೆಯುತ್ತಾ? ನಾನು ಬಿಟ್ಟಿದ್ದು ನಿನ್ನ. ಓದು ಮುಗೀತು. ಇವತ್ತಲ್ಲ ನಾಳೆ ಮದುವೆನೋ ಕೆಲಸನೋ, ಹೋಗೋಳೇ ತಾನೆ? ಯಂತ್ರ ಹತ್ತು ವರ್ಷದ್ದು. ನೀನು ಹತ್ತು ವರ್ಷ ಇಲ್ಲೇ ಇರ್ತೀಯಾ?"

ಸಿಹಿಸುದ್ದಿ ಹೇಳುವವನ ಮುಖ ಹೊತ್ತು ಹೇಳಿದ. ಬೀರು ಬರಬೇಕಿದ್ದದ್ದು ನನ್ನ ಮಂಚದ ಜಾಗಕ್ಕೆ. ಇಷ್ಟು ದಿನ ಬೇರೆಯವರ ಬಾಗಿಲ ಮುಂದೆ ಕಾವಲು ಕೂತಿದ್ದೆ. ಕನ್ನ ಕೊರೆಯುತ್ತಿದ್ದದ್ದು ನನ್ನ ಗೋಡೆಗೇ.

ಅತ್ತೆ ಮೊದಲು ಮಾತಾಡಿದಳು. "ಹೋಗೋಳು ಹೋಗೋಳು ಅಂತೀರಲ್ಲ, ಇವಳನ್ನ ಒಂದು ಮಾತು ಕೇಳಿದ್ರಾ?"

"ಹೋಗೋದಾದ್ರೆ ಯಾವಾಗ ಅಂತ ನಾನು ಹೇಳ್ತೀನಿ," ಎಂದೆ. ನನ್ನ ದನಿ ನನಗೇ ಅಪರಿಚಿತವಾಗಿತ್ತು. "ಅಲ್ಲೀವರೆಗೂ ಐದು ಅಂತ ಎಣಿಸು. ಬೀರು ಬೇರೆ ಕಡೆ ಇಡು."

ಅಷ್ಟು ಹೊತ್ತೂ ತಟ್ಟೆಯಿಂದ ತಲೆಯೆತ್ತದಿದ್ದ ಅಮ್ಮ, ತನ್ನಷ್ಟಕ್ಕೇ ಎಂಬಂತೆ ಅಂದಳು, "ಹಾಗಾದ್ರೆ ಜಾತಕ ಕೇಳಿದೋರಿಗೆ ಏನಂತ ಹೇಳೋದು?"

"ಅವರು ಅಂದ್ರೆ ಯಾರಮ್ಮ?"

ಅಣ್ಣ ಅತ್ತಿಗೆಯ ಮುಖ ನೋಡಿದ. ಅತ್ತಿಗೆ ಅಮ್ಮನ ಮುಖ ನೋಡಿದಳು. ಅಮ್ಮ ಮತ್ತೆ ತಟ್ಟೆಗೆ ಬಗ್ಗಿದಳು.

ಅತ್ತೆ ಕುರ್ಚಿಯನ್ನು ದರದರ ಎಳೆದು ತಂದು, ನನ್ನ ಪಕ್ಕಕ್ಕೆ ಹಾಕಿಕೊಂಡು ಕೂತಳು.

"ಹೇಳಿ," ಎಂದಳು. "ನಾವಿಬ್ರೂ ಕೇಳಿಸ್ಕೊಳ್ತೀವಿ."