ಗೌರವ್ವನ ಮೂರು ಪುಸ್ತಕ

ನಾನೊಂದು ಕಾರ್ಡು, ಯಾವ ಪುಸ್ತಕ ಎಲ್ಲಿದೆ ಎಂದು ಓದುಗರಿಗೆ ತೋರಿಸುವಂಥದು. ಅಂಗೈ ಅಗಲದ ದಪ್ಪ ಕಾಗದ, ಕೆಳಗೊಂದು ತೂತು. ಗದಗಿನ ಒಂದು ಗ್ರಂಥಾಲಯದ ಮರದ ಡ್ರಾಯರಿನಲ್ಲಿ ಸಾವಿರಾರು ಅಣ್ಣತಮ್ಮಂದಿರ ಜೊತೆ ಕಂಬಿಗೆ ಪೋಣಿಸಿಕೊಂಡು ಬಾಳಿದವನು. ಅವರಲ್ಲಿ ಒಬ್ಬೊಬ್ಬರಿಗೂ ಒಂದೊಂದು ಪುಸ್ತಕವಿತ್ತು. ನನಗೆ ಮಾತ್ರ ಇರಲಿಲ್ಲ. ನಾನು ಹುಟ್ಟಿದ್ದೇ ಒಂದು ತಪ್ಪಿನಿಂದ.

ಆಗ ಗ್ರಂಥಪಾಲಕರಾಗಿದ್ದವರು ಸಂಗನಬಸಪ್ಪ ಯಳವತ್ತಿ. ಒಂದು ದಿನ ನರಗುಂದದಿಂದ ಜುಬೇದಾಬಾಯಿ ಎಂಬ ಮುದುಕಿ ಬಂದು 'ಗೌರವ್ವನ ಹೊಸ್ತಿಲು' ನಾಟಕ ಕೇಳಿದರಂತೆ. ನಾಟಕ ಕಂಪನಿಯಲ್ಲಿ ಹದಿನೇಳು ವರ್ಷ ಗೌರವ್ವನ ಪಾತ್ರ ಮಾಡಿದವರು. ಓದು ಬಾರದು, ಮಾತನ್ನೆಲ್ಲ ಕಿವಿಯಿಂದಲೇ ಕಲಿತದ್ದು. "ಕಡೀ ಸೀನಿನ ಮಾತು ಮರತೇನ್ರಿ. ಯಾರರ ಒಮ್ಮೆ ಓದಿ ಹೇಳಿದ್ರ ಸಾಕು," ಎಂದರಂತೆ. ಯಳವತ್ತಿಯವರು 'ಗ' ಡ್ರಾಯರು ಎಳೆದು ನೋಡಿ, "ಇಲ್ರಿ ಅಮ್ಮಾ," ಎಂದು ಕಳಿಸಿಬಿಟ್ಟರು.

ಹದಿನೈದು ದಿನದ ಮೇಲೆ 'ಸುಳ್ಳು ಓಲೆ' ಎಂಬ ಹಳೆಯ ನಾಟಕಕ್ಕೆ ರಟ್ಟು ಅಂಟಿಸುವಾಗ ಅವರ ಕಣ್ಣು ಒಳಪುಟದ ಸಣ್ಣ ಅಕ್ಷರದ ಮೇಲೆ ಬಿತ್ತು: "ರಂಗದ ಮೇಲೆ 'ಗೌರವ್ವನ ಹೊಸ್ತಿಲು' ಎಂದು ಆಡಿದ್ದು." ಅವರು ಹಣೆ ಹಣೆ ಬಡಿದುಕೊಂಡರು. ಕಪಾಟು ಜಾಲಾಡಿದಾಗ ಅದೇ ನಾಟಕ 'ಮನೆ ಸೇರಿದ ಗೌರಿ', 'ಗೌರಿ ಗೆದ್ದಳು' ಎಂಬ ಹೆಸರಿನಲ್ಲೂ ಸಿಕ್ಕಿತು. ಒಂದೊಂದು ಒಂದೊಂದು ಊರಿನಲ್ಲಿ ಅಚ್ಚಾದದ್ದು. ಒಂದೊಂದರ ಕೊನೆಯೂ ಬೇರೆ. ಆ ಮಧ್ಯಾಹ್ನ ಬುತ್ತಿ ಬಿಚ್ಚುವುದನ್ನೂ ಮರೆತು ಅವರು ನನ್ನನ್ನು ಬರೆದರು. ನೆತ್ತಿಯ ಮೇಲೆ ಜುಬೇದಾಬಾಯಿ ಹೇಳಿದ ಹೆಸರು. ಅದರ ಕೆಳಗೆ ಮೂರೂ ಪುಸ್ತಕಗಳ ಹೆಸರು, ಇಸವಿ, ಕೊನೆ ಹೇಗೆಂಬ ಒಂದು ಸಾಲು. ಆಮೇಲೆ ರಿಜಿಸ್ಟರಿನಲ್ಲಿ ಮುದುಕಿಯ ಹೆಬ್ಬೆಟ್ಟಿನ ಪಕ್ಕದ ವಿಳಾಸ ಹುಡುಕಿ ಒಂದು ಪೋಸ್ಟ್ ಕಾರ್ಡು ಹಾಕಿದರು.

ಮುದುಕಿ ಬಂದರು. ಯಳವತ್ತಿಯವರು ನನ್ನನ್ನು ಮೇಜಿನ ಮೇಲಿಟ್ಟುಕೊಂಡು ಒಂದೊಂದೇ ಪುಸ್ತಕ ತೆರೆದು ಕೊನೆಯ ದೃಶ್ಯ ಓದತೊಡಗಿದರು. ಸುಳ್ಳು ಓಲೆಯೊಂದನ್ನು ನಂಬಿ ಮನೆಯವರು ಹೊರಹಾಕಿದ ಗೌರವ್ವ ಮೊದಲನೆಯದರಲ್ಲಿ ಬಾವಿಗೆ ಹಾರುತ್ತಾಳೆ.

"ಅಯ್ಯ, ನನ್ನ ಗೌರವ್ವ ಸಾಯೂದಿಲ್ರಿ."

ಎರಡನೆಯದರಲ್ಲಿ ಗಂಡನ ಕಾಲಿಗೆ ಬೀಳುತ್ತಾಳೆ.

"ಇದೂ ಅಲ್ರಿ." ದನಿ ಸಣ್ಣಗಾಗಿತ್ತು.

ಮೂರನೆಯದರಲ್ಲಿ ಎಲ್ಲರೂ ಕರೆದರೂ ಗೌರವ್ವ ಹೊಸ್ತಿಲ ಆಚೆಗೇ ನಿಲ್ಲುತ್ತಾಳೆ. ಯಳವತ್ತಿಯವರು "ಬಾಗಿಲಾ ತೆಗದೀರಿ" ಎಂದು ಓದಿದರೋ ಇಲ್ಲವೋ, ಜುಬೇದಾಬಾಯಿ ಎದ್ದು ನಿಂತು ಸೆರಗು ಹೊದ್ದುಕೊಂಡರು.

"ಬಾಗಿಲಾ ತೆಗದೀರಿ, ಮನಸು ತೆಗೀಲಿಲ್ಲ. ನಾ ಒಳಗ ಬರೂದಿಲ್ಲ. ಅತ್ತೀ, ಒಲಿ ಮ್ಯಾಲ ಹಾಲ ಐತಿ. ಉಕ್ಕೂ ಮೊದಲ ಇಳಿಸ್ಕೋರಿ."

ಪೇಪರು ಓದುತ್ತಿದ್ದವರೆಲ್ಲ ತಲೆ ಎತ್ತಿದ್ದರು. ಯಳವತ್ತಿಯವರು ಪುಟ ನೋಡಿ, "ಹಾಲಿನ ಮಾತು ಇದರಾಗಿಲ್ಲಲ್ರೀ!" ಎಂದರು.

"ಅದನ್ನ ನಾನ ಸೇರಿಸಿದ್ದೆ. ಜನಾ ಅಳತಿದ್ದದ್ದು ಅಲ್ಲೇ ನೋಡ್ರಿ," ಎಂದು ಮುದುಕಿ ಕಣ್ಣೊರೆಸಿಕೊಂಡು ನಕ್ಕರು. ಯಳವತ್ತಿಯವರು ನನ್ನ ತಳದಲ್ಲಿ ಉಳಿದಿದ್ದ ಬೆರಳಗಲ ಜಾಗದಲ್ಲಿ ಆ ಮಾತನ್ನು, ಅವರ ಹೆಸರಿನೊಂದಿಗೆ, ಬರೆದುಕೊಂಡರು.

ಅವರಿಬ್ಬರೂ ಈಗಿಲ್ಲ. ಯಳವತ್ತಿಯವರ ಬೆರಳಿನ ಅಂಟಿನ ವಾಸನೆ ನನಗೆ ಇಂದಿಗೂ ನೆನಪಿದೆ. ಕಂಪ್ಯೂಟರ್ ಬಂದಾಗ ಡ್ರಾಯರುಗಳನ್ನು ಬರಿದು ಮಾಡಿ ಕಾರ್ಡುಗಳನ್ನು ಸುತಳಿಯಲ್ಲಿ ಕಟ್ಟಿ ರದ್ದಿಗೆ ಹಾಕಿದರು. ಹೊಸ ಗ್ರಂಥಪಾಲಕಿ ಅನ್ನಪೂರ್ಣಾ ಕಂಬಿ ಎಳೆಯುವಾಗ ನನ್ನನ್ನು ಕಂಡು, "ಇದ್ಯಾವ ಪುಸ್ತಕದ್ದು?" ಎಂದು ನಿಂತೇ ಓದಿದಳು, ಆಮೇಲೆ ಕುಳಿತು ಇನ್ನೊಮ್ಮೆ ಓದಿದಳು. ಕಂಪ್ಯೂಟರಿನಲ್ಲಿ ಮೂರು ಕಡೆ ಚದುರಿದ್ದ ಆ ಪುಸ್ತಕಗಳನ್ನು ಅಂದೇ ಒಂದು ಹೆಸರಿನಡಿ ತಂದಳು. ನನ್ನನ್ನು ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಳು.

ಈಗ ಶಾಯಿ ಮಾಸಿದೆ, ಅಂಚು ಹಳದಿಯಾಗಿದೆ. ಮೊನ್ನೆ ಕಾಲೇಜಿನ ಇಬ್ಬರು ಹುಡುಗಿಯರು ಮೂರೂ ಪುಸ್ತಕಗಳನ್ನು ನನ್ನ ಮೇಲೆಯೇ ಹರವಿಕೊಂಡು ಕುಳಿತಿದ್ದರು.

"ಗೌರವ್ವ ಒಳಗ ಹೋಗಬೇಕಿತ್ತಲೇ!"

"ಯಾಕ ಹೋಗಬೇಕು? ಹೇಳು ನೋಡೋಣ!"

ಅವರ ಜಗಳ ಬೆಳೆಯಿತು. ಗಾಜಿನ ಕೆಳಗಿದ್ದ ನನ್ನನ್ನು ಯಾರೂ ನೋಡಲಿಲ್ಲ. ದಾರಿ ತೋರಿಸಲೆಂದು ಹುಟ್ಟಿದವನಿಗೆ ಇದಕ್ಕಿಂತ ಹಿತವಾದ ಮುಪ್ಪು ಇನ್ನೇನು ಬೇಕು?