ಹಳದಿ ಭಾನುವಾರ

ಗುಂಡ್ಲುಪೇಟೆಯ ಆ ಓಣಿಯಲ್ಲಿ ಫರಹತ್‌ಗೆ ಎರಡು ಹೆಸರು. ದೊಡ್ಡವರಿಗೆ ಅವಳು ಬ್ಲೌಸ್ ಹೊಲಿಯುವ ಫರಹತ್, ಮಕ್ಕಳಿಗೆ ಪಾರ್ಟಿ ಆಂಟಿ. ಮೊದಲನೆಯ ಹೆಸರು ಹೊಟ್ಟೆ ಹೊರೆಯುತ್ತಿತ್ತು. ಎರಡನೆಯದನ್ನು ಕೇಳುವುದಕ್ಕೆ ಅವಳು ವರ್ಷವಿಡೀ ಕಾಯುತ್ತಿದ್ದಳು.

ಇದೆಲ್ಲ ಶುರುವಾದದ್ದು ಮಾಹಿರಾಳಿಂದ. ಚಾಮರಾಜನಗರದಲ್ಲಿ ಚಪ್ಪಲಿ ಅಂಗಡಿ ಇಟ್ಟಿರುವ ತಮ್ಮ ಮಕ್ಸೂದನ ಒಬ್ಬಳೇ ಮಗಳು ಮಾಹಿರಾ. ಬೇಸಿಗೆ ರಜೆ ಬಂತೆಂದರೆ ಹತ್ತು ದಿನ ಫುಪ್ಪುವಿನ ಮನೆಯಲ್ಲಿ, ಅಂದರೆ ಸೋದರತ್ತೆಯ ಮನೆಯಲ್ಲಿ ಅವಳ ಠಿಕಾಣಿ. ಐದು ವರ್ಷದವಳಿದ್ದಾಗ ಒಂದು ಮಧ್ಯಾಹ್ನ ಸೆಕೆ ತಾಳಲಾರದೆ ಹಟ ಹಿಡಿದಳು. ಅವಳಿಗೆ ಸಮುದ್ರ ಬೇಕಂತೆ. ಗುಂಡ್ಲುಪೇಟೆಗೆ ಸಮುದ್ರ ಎಲ್ಲಿಂದ ತರುವುದು? ಫರಹತ್ ನೀಲಿ ಲೈನಿಂಗ್ ಬಟ್ಟೆಯನ್ನು ನಡುಮನೆಯ ಉದ್ದಕ್ಕೂ ಬಿಚ್ಚಿ ಹಾಸಿ, ಟೇಬಲ್ ಫ್ಯಾನ್ ಇಟ್ಟು ಅಲೆ ಎಬ್ಬಿಸಿದಳು. ಓಣಿಯ ಮಕ್ಕಳನ್ನೆಲ್ಲ ಕೂಗಿ ಕರೆದು ಉಪ್ಪುಖಾರ ಹಚ್ಚಿದ ಮಾವಿನಕಾಯಿ ಹಂಚಿದಳು. ಮರುವರ್ಷ ಕಲ್ಲಂಗಡಿ ಪಾರ್ಟಿ. ಎಲ್ಲರಿಗೂ ಕೆಂಪು ಅಂಗಿ, ಹಸಿರು ಟೋಪಿ, ಬೀಜ ದೂರ ಉಗುಳಿದವರಿಗೆ ಬಹುಮಾನ. ಅದರ ಮುಂದಿನ ವರ್ಷ ಕಾಡು. ಬಂಡೀಪುರ ಮಗ್ಗುಲಲ್ಲೇ ಇದ್ದರೂ ಆನೆ ನೋಡದ ಮಕ್ಕಳಿಗೆ ಬೂದು ಬಟ್ಟೆಯಲ್ಲಿ ಸೊಂಡಿಲು ಹೊಲಿದು ಕಟ್ಟಿದಳು. ಹನ್ನೊಂದು ಮರಿಯಾನೆಗಳು ಸಂಜೆಯವರೆಗೂ ಓಣಿಯಲ್ಲಿ ಓಡಾಡಿ ಎಲ್ಲರ ಕೈಲೂ ಬೈಸಿಕೊಂಡವು.

ಫರಹತ್‌ಗೆ ಈಗ ನಲವತ್ತೊಂದು. ಮದುವೆಯಾಗಿಲ್ಲ. ಗಂಡಿನ ಕಡೆಯವರು ಬಂದರು, ಚಹಾ ಕುಡಿದರು, ತಿಳಿಸುತ್ತೇವೆಂದು ಹೋದರು. ಆಮೇಲೆ ಬರುವುದೇ ನಿಂತಿತು. ಯಾವತ್ತು ನಿಂತಿತು ಎನ್ನುವುದು ಯಾರ ಲಕ್ಷ್ಯಕ್ಕೂ ಬರಲಿಲ್ಲ. ಎರಡು ವರ್ಷದ ಹಿಂದೆ ಅಮ್ಮ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದದ್ದು ಅವಳು ಮತ್ತು ಹೊಲಿಗೆ ಮಿಷನ್ನು. ದಿನಕ್ಕೆ ಏಳೆಂಟು ಹೆಂಗಸರ ಎದೆ, ಸೊಂಟ, ತೋಳು ಅಳೆಯುತ್ತಿದ್ದಳು. ಅವಳನ್ನು ಮುಟ್ಟುವವರು ಮಾತ್ರ ಯಾರೂ ಇರಲಿಲ್ಲ. ಬೇಸಿಗೆಯ ಆ ಹತ್ತು ದಿನ ಮಾಹಿರಾ ಅವಳ ತೋಳ ಮೇಲೆ ತಲೆಯಿಟ್ಟು ಮಲಗುತ್ತಿದ್ದಳು, ಅಷ್ಟೇ.

ಹೋದ ವರ್ಷ ಆ ಹತ್ತು ದಿನ ಎರಡಕ್ಕೆ ಇಳಿದಿತ್ತು. ಆ ಎರಡು ದಿನವೂ ಹುಡುಗಿ ಮೊಬೈಲಿನಿಂದ ತಲೆ ಎತ್ತಿರಲಿಲ್ಲ. ಈ ವರ್ಷ ಅವಳು ಎಸ್ಸೆಸ್ಸೆಲ್ಸಿಗೆ ಬರುತ್ತಿದ್ದಳು.

"ಯಾವಾಗ ಬರ್ತೀಯ ಮಾಹಿರಾ?" ಏಪ್ರಿಲ್ ಮುಗಿಯುವ ಹೊತ್ತಿಗೆ ಫರಹತ್ ಫೋನು ಮಾಡಿ ಕೇಳಿದಳು.

"ನೋಡ್ತೀನಿ ಫುಪ್ಪು. ಟ್ಯೂಷನ್ ಶುರುವಾಗಿದೆ."

"ಭಾನುವಾರ ಬಾ. ಈ ಸಲ ಎಲ್ಲಾ ಹಳದಿ ಪಾರ್ಟಿ. ನೀನು ಸ್ಟೇಟಸ್‌ಗೆ ಹಾಕಿದ್ದೆಯಲ್ಲ, ಹುಡುಗೀರೆಲ್ಲ ಹಳದಿ ಬಟ್ಟೆ ಹಾಕ್ಕೊಂಡಿದ್ದ ಫೋಟೋ? ಹಂಗೇ."

"ಅಯ್ಯೋ ಫುಪ್ಪು, ನಾನೇನು ಚಿಕ್ಕ ಮಗುವಾ?" ಎಂದು ಮಾಹಿರಾ ನಕ್ಕಳು. "ನೋಡ್ತೀನಿ ಅಂದ್ನಲ್ಲ."

ನೋಡುತ್ತೇನೆ ಎಂದರೆ ಬರುವುದಿಲ್ಲ ಎಂದರ್ಥ. ಅದು ಗೊತ್ತಾಗದಷ್ಟು ದಡ್ಡಿಯೇನಲ್ಲ ಫರಹತ್. ಆದರೆ ಗೊತ್ತಿರುವುದನ್ನು ಒಪ್ಪಿಕೊಳ್ಳಲು ಮನಸ್ಸಿಗೂ ಒಂದು ಮರ್ಜಿ ಬೇಕಲ್ಲ. ಅವಳು ಹಳದಿ ಕ್ರೇಪ್ ಬಟ್ಟೆ ತಂದು, ಹುಡುಗಿಯ ಹೋದ ವರ್ಷದ ಅಳತೆಗೆ ಒಂದೂವರೆ ಇಂಚು ಸೇರಿಸಿ ಚೂಡಿದಾರ್ ಹೊಲಿದಳು. ನಿಂತವರನ್ನು ಕಣ್ಣಲ್ಲೇ ಅಳೆಯುವವಳು, ಇಲ್ಲದವಳನ್ನು ಅಂದಾಜಿನಲ್ಲಿ ಅಳೆದಳು. ಹುಡುಗಿ ಬರದೇ ಹೋದರೆ ಮುಂದಿನ ಬೇಸಿಗೆಗೆ ಕರೆಯಲು ತನ್ನ ಬಳಿ ನೆಪವೂ ಉಳಿಯುವುದಿಲ್ಲ ಎಂಬ ಭಯ ಅವಳನ್ನು ಕಾಡುತ್ತಿತ್ತು.

ಇನ್ನೊಂದು ತೊಡಕಿತ್ತು. ಓಣಿಯ ಮಕ್ಕಳೂ ಬೆಳೆದುಬಿಟ್ಟಿದ್ದರು. ಆನೆಗಳಲ್ಲಿ ಇಬ್ಬರಿಗೆ ಮೀಸೆ ಬಂದಿತ್ತು. ಹಾಗಾಗಿ ಈ ಸಲ ಅವರ ಅಮ್ಮಂದಿರನ್ನು ಕರೆಯೋಣ, ಮನೆ ತುಂಬಿರುವುದು ಕಂಡರೆ ಮಾಹಿರಾಗೂ ಬೇಸರವಾಗದು ಎಂದುಕೊಂಡಳು. ಆದರೆ ಈ ವಯಸ್ಸಿನಲ್ಲಿ ಪಾರ್ಟಿಗೆ ಬನ್ನಿ ಎನ್ನಲು ನಾಲಿಗೆ ಹೊರಳಲಿಲ್ಲ. ಹೋದ ವರ್ಷವೇ ಯಾರೋ, ಯಾರ ಬರ್ತ್‌ಡೇ ಎಂದು ಕೇಳಿ ಮುಸಿಮುಸಿ ನಕ್ಕಿದ್ದರು. ಅವಳು ಏನು ಮಾಡಿದಳೆಂದರೆ, ಹಳದಿ ಪಾರ್ಟಿಗೆ ಒಪ್ಪುವ ಹಾಗೆ ಒಂದು ತಟ್ಟೆ ಬೂಂದಿ ಲಾಡು ಜೋಡಿಸಿ, ಮೇಲೊಂದು ಹಳದಿ ಬಟ್ಟೆ ಮುಚ್ಚಿಕೊಂಡು, ಆರು ಮನೆಗೆ ತಾನೇ ಹೋಗಿ ಕರೆದಳು.

"ಭಾನುವಾರ ನಾಲ್ಕು ಗಂಟೆಗೆ ಮನೇಲಿ ಒಂದು ಸಣ್ಣ ಪ್ರೋಗ್ರಾಂ. ಎಲ್ಲಾರೂ ಹಳದಿ ಬಟ್ಟೆ ಹಾಕ್ಕೊಂಡು ಬರ್ಬೇಕು."

"ಏನ್ ಪ್ರೋಗ್ರಾಮಮ್ಮಿ?" ಎಂದು ಪಕ್ಕದ ಮನೆ ಈರಮ್ಮ ಕೇಳಿದರೆ, "ಬನ್ನಿ ಈರಕ್ಕ, ಬಂದ್ಮೇಲೆ ಗೊತ್ತಾಗುತ್ತೆ" ಎಂದು ನಾಚಿ ತಲೆ ತಗ್ಗಿಸಿದಳು. ಆರು ಮನೆಯಲ್ಲೂ ಹೀಗೇ ಮಾಡಿದಳು.

ಮದುವೆಗೆ ಮುಂಚೆ ಹೆಣ್ಣಿಗೆ ಅರಿಶಿನ ಹಚ್ಚುವ ಶಾಸ್ತ್ರ ಈರಮ್ಮನವರಲ್ಲೂ ಉಂಟು, ಹಲ್ದಿ ಎಂದು ಫರಹತ್ ಕಡೆಯವರಲ್ಲೂ ಉಂಟು. ಮುಚ್ಚಿದ ತಟ್ಟೆಯಲ್ಲಿ ಲಾಡು ತಂದು, ಹಳದಿ ಉಟ್ಟು ಬನ್ನಿ ಎಂದು ಹೇಳಿ, ಕಾರಣ ಕೇಳಿದರೆ ನಾಚುವ ಹೆಣ್ಣು ಇನ್ನು ಯಾತಕ್ಕೆ ಕರೆಯುತ್ತಾಳೆ? ಅವಳು ಹೊಸ್ತಿಲು ದಾಟುವಷ್ಟರಲ್ಲಿ ಸುದ್ದಿ ಓಣಿಯ ಆ ಕೊನೆ ಮುಟ್ಟಿತ್ತು. ಊರಿಗೆಲ್ಲ ಹಲ್ದಿಯ ಬಟ್ಟೆ ಹೊಲಿದುಕೊಟ್ಟ ಫರಹತ್‌ಗೆ ಮಾತ್ರ ಇದು ಹೊಳೆಯಲಿಲ್ಲ. ಆ ಬಟ್ಟೆಗಳನ್ನು ತನ್ನ ಮೈಮೇಲೆ ಊಹಿಸಿಕೊಳ್ಳುವುದನ್ನು ಅವಳು ಎಂದೋ ಬಿಟ್ಟಿದ್ದಳು.

ಭಾನುವಾರ ಅವಳು ಚಿತ್ರಾನ್ನ ಕಲಸಿ, ಮಾವಿನ ಹಣ್ಣು ಹೆಚ್ಚಿ, ಹಳದಿ ದುಪಟ್ಟಾಗಳನ್ನು ಬಾಗಿಲಿಗೆ ಇಳಿಬಿಟ್ಟು, ಹಳದಿ ಕಮೀಜು ತೊಟ್ಟು ಕೂತಳು. ಹದಿನೈದು ಜನಕ್ಕೆಂದು ಅಡುಗೆ. ಒಳಗೊಳಗೆ ಐದು ಜನ ಬಂದರೆ ಪುಣ್ಯ ಎಂಬ ಲೆಕ್ಕ. ಮಾಹಿರಾಗೆ ಬೆಳಿಗ್ಗೆ ಕಳಿಸಿದ ಮೆಸೇಜಿಗೆ ಎರಡು ನೀಲಿ ಗೆರೆ ಬಿದ್ದಿತ್ತು, ಉತ್ತರ ಬಂದಿರಲಿಲ್ಲ.

ನಾಲ್ಕು ಹೊಡೆಯುವ ಮೊದಲೇ ಈರಮ್ಮ ಬಂದಳು. ಮದುವೆಮನೆಗೆ ಉಡುವ ಹಳದಿ ರೇಷ್ಮೆ ಸೀರೆ ಉಟ್ಟಿದ್ದಳು, ಕೈಯಲ್ಲೊಂದು ಬಟ್ಟಲಿತ್ತು. "ಸಂತೆಮರಳ್ಳಿ ನಮ್ಮಣ್ಣನ್ ಒಲದ್ದು ಕಣಮ್ಮಿ, ಈ ವರ್ಸದ ಅರ್ಸ್ನ. ನಾನೇ ಬೇಯ್ಸಿ ಒಣಗಾಕಿ ಪುಡಿ ಮಾಡ್ಸಿದ್ದು" ಎಂದಳು. ಅವಳ ಹಿಂದೆ ಸೊಸೆ, ಸೊಸೆಯ ಹಿಂದೆ ಎದುರು ಮನೆಯವರು, ಅವರ ನಂಟರು. ಓಣಿಗೆಲ್ಲ ಹಿರಿಯಳಾದ ಫಖ್ರುನ್ನೀಸಾ ಖಾಲಾ ಮೊಮ್ಮಗಳ ಕೈಲಿ ಢೋಲಕ್ ಹೊರಿಸಿ, ತಾನೊಂದು ಹಳೆಯ ಚೌಕಿಮಣೆ ಹಿಡಿದು ಬಂದಳು. ಮೂವತ್ತು ಜನ ಆಯಿತು, ನಲವತ್ತಾಯಿತು. ಹಳದಿ ಥೀಮನ್ನು ಇವರು ಎಷ್ಟು ಚೆನ್ನಾಗಿ ಹಿಡಿದರಪ್ಪ ಎಂದು ಫರಹತ್ ಬೆರಗಾದಳು! ಚಿತ್ರಾನ್ನ ಸಾಲದು ಎಂಬ ಚಿಂತೆಯಲ್ಲೂ ಅವಳಿಗೆ ಹೊಟ್ಟೆ ತುಂಬಿದ ಹಾಗಾಗಿತ್ತು.

ಖಾಲಾ ಅವಳನ್ನು ಚೌಕಿಯ ಮೇಲೆ ಕೂರಿಸಿದಳು. ನಾಲ್ವರು ಹೆಂಗಸರು ತಲೆಯ ಮೇಲೆ ಚಾದರ ಹಿಡಿದರು. ಢೋಲಕ್ ಶುರುವಾಯಿತು. ಈರಮ್ಮ ಅರಿಶಿನ ಕಲಸಿ ಅವಳ ಕೆನ್ನೆಗೆ ಹಚ್ಚಿದಳು. ಆಟ ಎಂದುಕೊಂಡು ಫರಹತ್ ನಕ್ಕಳು. ಆಮೇಲೆ ಕೈಗೆ, ಪಾದಕ್ಕೆ, ಕತ್ತಿಗೆ. ಯಾರೋ ಹಿಂದಿನಿಂದ ಕಮೀಜಿನ ಕೊರಳು ಸರಿಸಿ ಬೆನ್ನಿನ ನಡುವಿಗೆ ತಣ್ಣಗೆ ಒಂದು ಹಿಡಿ ಸವರಿದರು. ಎಷ್ಟೊಂದು ಕೈಗಳು! ಒರಟು ಕೈ, ಮೆತ್ತನೆ ಕೈ, ಬಳೆಯ ಕೈ.

ಆಗ ಖಾಲಾ ಕಿವಿಯ ಹತ್ತಿರ ಬಾಗಿದಳು. "ನಿನ್ನಮ್ಮ ಇದ್ದಿದ್ರೆ ಎಷ್ಟು ಖುಷಿ ಪಡ್ತಿದ್ಳು ಬೇಟಿ. ಹುಡುಗ ಯಾವೂರೋನು?"

ಫರಹತ್ ತಲೆ ಎತ್ತಿ ಸುತ್ತ ನೋಡಿದಳು. ರೇಷ್ಮೆ ಸೀರೆಗಳು, ಮೂಲೆಯಲ್ಲಿ ಉಡುಗೊರೆಯ ಕವರುಗಳು, ಒಂದು ಹೊಸ ಕುಕ್ಕರು. ಆ ಒಂದು ಗಳಿಗೆಯಲ್ಲಿ ಎಲ್ಲ ಅರ್ಥವಾಯಿತು. ಇವರು ತನ್ನ ಮನೆಗೆ ಬಂದವರಲ್ಲ, ಮದುವೆಗೆ ಬಂದವರು.

ಹೇಳಿಬಿಡಬೇಕು ಎಂದುಕೊಂಡಳು. ಈ ಹಾಡು ಮುಗಿಯಲಿ ಎಂದುಕೊಂಡಳು. ಹಾಡು ಮುಗಿಯಿತು, ಇನ್ನೊಂದು ಶುರುವಾಯಿತು. ಇದೂ ಮುಗಿಯಲಿ. ಅವಳು ತಲೆ ತಗ್ಗಿಸಿ ಕೂತೇ ಇದ್ದಳು. ಸುಳ್ಳು ಹೇಳಿರಲಿಲ್ಲ, ನಿಜ, ಆದರೆ ಕೂತಿದ್ದಳಲ್ಲ! ಕೂತದ್ದು ಆಸೆಯಿಂದಲೇ. ಅದನ್ನು ಮುಚ್ಚಿಟ್ಟು ಹೇಳುವುದರಲ್ಲಿ ಅರ್ಥವಿಲ್ಲ.

ಮೂರನೇ ಹಾಡಿನ ನಡುವೆ ಬಾಗಿಲಲ್ಲಿ ಬೈಕ್ ನಿಂತ ಸದ್ದಾಯಿತು. ಹೆಂಗಸರನ್ನು ತಳ್ಳಿಕೊಂಡು ಒಬ್ಬ ಎತ್ತರದ ಹುಡುಗಿ ಓಡಿಬಂದು ಅವಳ ಕುತ್ತಿಗೆಗೆ ಜೋತುಬಿದ್ದಳು. ಒಂದೂವರೆ ಇಂಚಲ್ಲ, ಮೂರು ಇಂಚು ಬೆಳೆದಿದ್ದಳು ಮಾಹಿರಾ.

"ಫುಪ್ಪು! ನಂಗೂ ಹೇಳ್ಬಾರ್ದಾ? ನಾನು ಬರೀ ಪಾರ್ಟಿ ಅಂದ್ಕೊಂಡು ಬರಲ್ಲ ಅಂತಿದ್ದೆ! ಖಾಲಾ ಅಬ್ಬಾಗೆ ಮುಬಾರಕ್ ಹೇಳೋಕೆ ಫೋನ್ ಮಾಡಿದ್ಮೇಲೇ ಗೊತ್ತಾಗಿದ್ದು!"

ಬರೀ ಪಾರ್ಟಿ. ಫರಹತ್ ಹುಡುಗಿಯನ್ನು ಬಿಗಿಯಾಗಿ ಅಪ್ಪಿಕೊಂಡಳು. ಬಿಟ್ಟರೆ ಮಾತಾಡಬೇಕಾಗುತ್ತಿತ್ತು. ಬಾಗಿಲ ಹೊರಗೆ ಮಕ್ಸೂದ್ ಹೆಲ್ಮೆಟ್ ಕೈಯಲ್ಲಿ ಹಿಡಿದು, ಮುಖ ಬಿಗಿದುಕೊಂಡು ನಿಂತಿದ್ದ.

"ಆಪಾ, ನನಗೊಂದು ಮಾತು ತಿಳಿಸಬೇಕು ಅಂತ ಅನ್ನಿಸ್ಲಿಲ್ವಾ?"

ತೋಳಿನೊಳಗೆ ಹುಡುಗಿ ಖುಷಿಯಿಂದ ಮಿಸುಕುತ್ತಿದ್ದಳು. ಈ ಮಗುವಿಗೆ ಸುಳ್ಳು ಹೇಳಲಾಗುವುದಿಲ್ಲ ಎಂದು ಫರಹತ್‌ಗೆ ಅನ್ನಿಸಿತು.

"ಮದುವೆ ಇಲ್ಲ" ಎಂದಳು. ಢೋಲಕ್ಕಿನ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಗಟ್ಟಿಯಾಗಿ ಹೇಳಬೇಕಾಯಿತು. "ಮದುವೆ ಗಿದುವೆ ಏನೂ ಇಲ್ಲ. ಬೇಸಿಗೆಗೆ ಅಂತ ಮಾಡಿದ್ದು. ಬರೀ ಪಾರ್ಟಿನೇ."

ಢೋಲಕ್ ನಿಂತಿತು. ಚಾದರ ಹಿಡಿದ ನಾಲ್ವರಲ್ಲಿ ಇಬ್ಬರು ಕೈ ಇಳಿಸಿದರು, ಇಬ್ಬರು ಇಳಿಸುವುದೋ ಬೇಡವೋ ಎಂದು ನಿಂತರು. ಹಿಂದೆ ಯಾರೋ ಕಿಸಕ್ಕೆಂದು ನಕ್ಕು ಬಾಯಿ ಮುಚ್ಚಿಕೊಂಡರು. ಮಕ್ಸೂದನ ಮುಖ ಸಡಿಲವಾಯಿತು. ನಿರಾಳವಾಗಿ ಒಂದು ಉಸಿರು ಬಿಟ್ಟ ಅವನು. ಆ ನಗುವಿಗಿಂತ ಈ ನಿರಾಳ ಫರಹತ್‌ಗೆ ಹೆಚ್ಚು ನೋವು ಮಾಡಿತು.

"ಅಯ್ಯೋ ಸಿವನೇ, ಮೊದ್ಲೇ ಯೋಳ್ಬಾರ್ದಾ ಕಣಮ್ಮಿ?" ಈರಮ್ಮ ಅರಿಶಿನದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತಳು. "ನಾವ್ ಏನೇನೋ ಮಾಡ್ಬುಟ್ಟೊ."

"ತಪ್ಪು ನಂದೇ ಈರಕ್ಕ. ಕೂತ್ಕೊಳ್ಳಿ, ಚಿತ್ರಾನ್ನ ಇದೆ."

ಅವರು ಕೂತರು, ತಿಂದರು, ಚೆನ್ನಾಗಿದೆ ಎಂದರು. ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ. ಒಬ್ಬರ ಮುಖ ಒಬ್ಬರು ನೋಡದೆ ಬೇಗ ಬೇಗ ತಿಂದರು ಅಷ್ಟೇ. ಇಪ್ಪತ್ತು ನಿಮಿಷದಲ್ಲಿ ಮನೆ ಖಾಲಿಯಾಯಿತು. ಮೂಲೆಯ ಕುಕ್ಕರು ಹೇಗೆ ಬಂದಿತ್ತೋ ಹಾಗೇ ಹೋಯಿತು. ಖಾಲಾ ಅವಳ ತಲೆ ನೇವರಿಸಿ, ಶುಕ್ರವಾರ ತನ್ನ ತಂಗಿಯ ಮೊಮ್ಮಗಳ ಹಲ್ದಿಗೆ ಬೇಕು ಎಂದು ಸಂಕೋಚದಿಂದಲೇ ಚೌಕಿ ಎತ್ತಿಕೊಂಡಳು.

ಮಾಹಿರಾ ಮಾತ್ರ ಸ್ವಲ್ಪ ಹೊತ್ತು ಕೂತಿದ್ದಳು. ಫರಹತ್ ಚೂಡಿದಾರ್ ತಂದುಕೊಟ್ಟಾಗ ಮೈಗೆ ಹಿಡಿದು ನೋಡಿದಳು. ತೋಳು ಮಣಿಕಟ್ಟಿಗೆ ಬರುತ್ತಿರಲಿಲ್ಲ.

"ಚೆನ್ನಾಗಿದೆ ಫುಪ್ಪು" ಎಂದಳು. ಮಡಿಸಿ ಪಕ್ಕಕ್ಕಿಟ್ಟಳು. "ನಾಳೆ ಟೆಸ್ಟ್ ಇದೆ."

"ಬಿಚ್ಚಿ ಉದ್ದ ಮಾಡಿ ಇಟ್ಟಿರ್ತೀನಿ. ಬಂದಾಗ ತಗೊಂಡು ಹೋಗು."

"ಹ್ಞೂಂ. ನೋಡ್ತೀನಿ."

ಬೈಕು ಚಾಮರಾಜನಗರದ ರಸ್ತೆ ಹಿಡಿಯುವವರೆಗೂ ಫರಹತ್ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಬಂದು ತಟ್ಟೆಗಳನ್ನು ತೊಳೆದಳು, ನೆಲ ಒರೆಸಿದಳು, ದುಪಟ್ಟಾಗಳನ್ನು ಮಡಿಸಿಟ್ಟಳು. ಇನ್ನೂ ಬೆಳಕಿತ್ತು. ಬಚ್ಚಲಿಗೆ ಹೋಗಿ ಬಕೆಟ್ಟಿಗೆ ನೀರು ಬಿಟ್ಟಳು. ಕೆನ್ನೆ ತಿಕ್ಕಿದಳು, ಕೈ ತಿಕ್ಕಿದಳು, ಪಾದ ತಿಕ್ಕಿದಳು. ಹೊಸ ಅರಿಶಿನ, ಒಂದೇ ಸಲಕ್ಕೆ ಬಿಡುವಂಥದ್ದಲ್ಲ.

ಬೆನ್ನಿನ ನಡುವಿನದು ಉಳಿಯಿತು. ಮೇಲಿನಿಂದ ಕೈ ಹಾಕಿದಳು, ಕೆಳಗಿನಿಂದ ಹಾಕಿದಳು, ಎಟುಕಲಿಲ್ಲ. ಹಲ್ದಿಯ ಹೆಣ್ಣಿಗೆ ನೀರು ಹಾಕಿ ಬೆನ್ನು ತಿಕ್ಕಲು ಮನೆ ತುಂಬ ಜನ ಇರುತ್ತಾರೆ. ಗೋಡೆಯಾಚೆ ಈರಮ್ಮ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು. ಒಂದು ಕೂಗು ಹಾಕಿದರೆ ಬರುತ್ತಿದ್ದಳು. ಈರಕ್ಕ ಎನ್ನಲು ಬಾಯಿ ತೆರೆದವಳು ಮುಚ್ಚಿಕೊಂಡಳು. ಏನೆಂದು ಕರೆಯುವುದು, ಯಾವ ಕಾರಣ ಹೇಳುವುದು? ಇವತ್ತಿಗೆ ಜನರನ್ನು ಕರೆದದ್ದು ಸಾಕಾಗಿತ್ತು.

ಅಷ್ಟು ಹೊತ್ತೂ ಅಳದಿದ್ದ ಫರಹತ್ ಆಗ ಅತ್ತಳು. ಅತ್ತು, ಒಗೆದ ಬಿಳಿ ಕಮೀಜು ತೊಟ್ಟು ಬಂದು ಮಿಷನ್ನಿನ ಮುಂದೆ ಕೂತು, ಹಳದಿ ಚೂಡಿದಾರಿನ ತೋಳಿನ ಹೊಲಿಗೆ ಬಿಚ್ಚತೊಡಗಿದಳು. ಒಳಗೆ ಮಡಿಸಿದ್ದ ಬಟ್ಟೆ ಒಂದೇ ಇಂಚಿತ್ತು. ಬೆನ್ನ ಮೇಲಿನ ಅರಿಶಿನ ಬಿಳಿ ಕಮೀಜಿಗೆ ಮೆಲ್ಲಗೆ ಹತ್ತುತ್ತಿತ್ತು. ಅದನ್ನು ನೋಡಿ ಹೇಳುವವರು ಯಾರೂ ಮನೆಯಲ್ಲಿರಲಿಲ್ಲ.